ಮಂಗಳವಾರದ ಜೋಡಿ

"ಇದು ಬಸ್ಸಿನ ಕಂಬ ಅಲ್ಲ ರೀ, ಕೈ."

ಅವಳು ನನಗೆ ಹೇಳಿದ ಮೊದಲ ಮಾತು ಅದು. ನಾನು ಗಾಬರಿಯಾಗಿ ಕೈ ಬಿಟ್ಟೆ.

"ಪೂರ್ತಿ ಬಿಡಿ ಅನ್ಲಿಲ್ಲ. ಹಿಡ್ಕೊಳ್ಳಿ. ನಾನೆಲ್ಲೋ ಬಿದ್ದೋಗ್ತೀನಿ ಅನ್ನೋ ಹಾಗೆ ಹಿಡ್ಕೋಬೇಡಿ, ಅಷ್ಟೇ. ನಾನು ಬೀಳಲ್ಲ."

ಅವಳ ಬೆರಳುಗಳ ಮೇಲೆ ನನ್ನ ಹಿಡಿತದ ಕೆಂಪು ಗುರುತು ಮೂಡಿತ್ತು. ಕ್ಷಮಿಸಿ ಎನ್ನಬೇಕಿತ್ತು. ಅನ್ನಬೇಕು ಎಂದುಕೊಳ್ಳುವಷ್ಟರಲ್ಲಿ ಯಾರೋ "ಬದಲಾಯಿಸಿ" ಎಂದು ಕೂಗಿದರು. ಸ್ವಿಂಗ್ ಎಂಬ ಜೋಡಿ ಕುಣಿತದ ತರಗತಿಯಲ್ಲಿ ಮೂರು ನಿಮಿಷಕ್ಕೊಮ್ಮೆ ಜೊತೆ ಬದಲಾಗುತ್ತದೆ. ದಾರಿ ತೋರಿಸುವ ಲೀಡ್‌ಗಳು ನಿಂತಲ್ಲೇ ನಿಲ್ಲುತ್ತಾರೆ, ಆ ದಾರಿಯಲ್ಲಿ ಜೊತೆಯಾಗುವ ಫಾಲೋಗಳು ಒಬ್ಬೊಬ್ಬರೇ ಬಲಕ್ಕೆ ಸರಿಯುತ್ತಾರೆ. ಅವಳೂ ಸರಿದಳು. ಹೋಗುವಾಗ ಆ ಬೆರಳುಗಳನ್ನು ಬಾಯಿಯ ಹತ್ತಿರ ತಂದು ಉಫ್ ಎಂದು ಊದಿಕೊಂಡು, ಊದುತ್ತಲೇ ಓರೆಗಣ್ಣಿನಲ್ಲಿ ನನ್ನನ್ನು ನೋಡಿದಳು. ನೋವಿಗೆ ಊದಿದ್ದಲ್ಲ, ನನ್ನನ್ನು ಆಡಿಸಲು ಊದಿದ್ದು ಎಂದು ಅರ್ಥವಾಗಲು ನನಗೆ ಇನ್ನಿಬ್ಬರು ಫಾಲೋಗಳು ಬಂದು ಹೋಗಬೇಕಾಯಿತು.

ನಾನು ಅಲ್ಲಿಗೆ ಹೋದದ್ದೇ ಒಬ್ಬ ರೋಗಿಯಿಂದ. ನನ್ನ ಕೆಲಸ ಕಿವಿ ಪರೀಕ್ಷೆ. ಶಬ್ದ ಒಳಬಾರದ ಗಾಜಿನ ಕೋಣೆಯಲ್ಲಿ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಹೊರಗಿನಿಂದ ಸಣ್ಣ ಸಣ್ಣ ಸದ್ದು ಕಳಿಸುತ್ತೇನೆ. ಕೇಳಿಸಿದರೆ ಅವರು ಗುಂಡಿ ಒತ್ತಬೇಕು. ಗಾಜಿನ ಈಚೆಗಿರುವ ನನ್ನ ಮುಖದಲ್ಲಿ ಏನೂ ಕಾಣಬಾರದು; ಹುಬ್ಬು ಅಲುಗಿದರೂ ಸಾಕು, ಜನ ನನ್ನನ್ನು ನೋಡಿ ಒತ್ತಿಬಿಡುತ್ತಾರೆ. ಏಳು ವರ್ಷ ಹೀಗೆ ಕೂತು ನನಗೆ ಬೇಕೆಂದಾಗಲೂ ಹುಬ್ಬು ಅಲುಗದ ಹಾಗಾಗಿತ್ತು.

ಒಂದು ದಿನ ಒಬ್ಬ ಅಜ್ಜ ಬಂದರು. ಹಿಂದೆ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತಿದ್ದವರು. ನಾನು ಯಾವ ಸದ್ದೂ ಕಳಿಸದಿದ್ದಾಗಲೂ ಲಯವಾಗಿ ಗುಂಡಿ ಒತ್ತುತ್ತಿದ್ದರು.

"ಈಗ ಏನೂ ಬರ್ತಿರ್ಲಿಲ್ವಲ್ಲ ಅಜ್ಜ, ಯಾಕೆ ಒತ್ತಿದ್ರಿ?"

"ಹಾಡಿಲ್ದಿದ್ರೇನು, ತಾಳ ನಡೀತಿರುತ್ತಲ್ಲಪ್ಪ." ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಮಂಗಳವಾರ ಸಂಜೆ ಏನ್ ಮಾಡ್ತೀಯ? ನಿನ್ನ ಮುಖ ನೋಡಿದ್ರೆ ಏನೂ ಮಾಡೋ ಹಾಗೆ ಕಾಣಲ್ಲ. ನಮ್ಮ ಹಾಲ್‌ಗೆ ಬಾ. ಅಲ್ಲಿ ಗಂಡಸರು ಕಮ್ಮಿ" ಎಂದರು.

ಅಂಚೆ ಕಚೇರಿಯ ಹಿಂದಿನ ಕಟ್ಟಡದ ಎರಡನೇ ಮಹಡಿ. ಸವೆದ ಮರದ ನೆಲ, ಗೋಡೆಗೆ ಒರಗಿಸಿದ ಮಡಚುವ ಕುರ್ಚಿಗಳು, ಬಾಗಿಲ ಬಳಿ ಬಿಟ್ಟ ಚಪ್ಪಲಿಗಳ ರಾಶಿ. ನಮ್ಮ ಅಜ್ಜಂದಿರೂ ಹುಟ್ಟದಿದ್ದ ಕಾಲದ ಜಾಸ್ ಹಾಡುಗಳಿಗೆ ಆ ನೆಲದ ಮೇಲೆ ದರ್ಜಿಗಳು, ಲೆಕ್ಕದ ಮೇಡಂಗಳು, ಬ್ಯಾಂಕಿನವರು ಬೆವರು ಸುರಿಸಿ ಕುಣಿಯುತ್ತಿದ್ದರು.

ಅವಳು ಸಿಟಿ ಬಸ್ ಓಡಿಸುತ್ತಿದ್ದಳು. ತರಗತಿಯವರೆಲ್ಲ ಅವಳನ್ನು ಡ್ರೈವರಕ್ಕ ಎನ್ನುತ್ತಿದ್ದರು. ಕುಣಿಯೋಕೆ ಹೇಗೆ ಬಂದಿರಿ ಎಂದು ಹೊಸಬರು ಕೇಳಿದರೆ ಯಾವಾಗಲೂ ಒಂದೇ ಉತ್ತರ: "ಇಡೀ ದಿನ ನಲವತ್ತು ಜನರನ್ನ ನಾನೇ ತಿರುಗಿಸ್ತೀನಿ. ಸಂಜೆ ಒಂದು ಗಂಟೆ ಬೇರೆ ಯಾರಾದ್ರೂ ಸ್ಟಿಯರಿಂಗ್ ಹಿಡೀಲಿ ಅಂತ." ಎಲ್ಲರೂ ನಗುತ್ತಿದ್ದರು. ನಿಜವಾದ ಕಾರಣವನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಅದೂ ಶೂ ದಾರ ಕಟ್ಟಿಕೊಳ್ಳುತ್ತ, ತಲೆ ಎತ್ತದೆ. ಅಪ್ಪ ತೀರಿಕೊಂಡ ವರ್ಷ ಅವಳ ಮನೆಯಲ್ಲಿ ಯಾರೂ ಯಾರನ್ನೂ ಮುಟ್ಟುತ್ತಿರಲಿಲ್ಲವಂತೆ. ಅಮ್ಮ ಒಂದು ಕೋಣೆ, ಇವಳು ಒಂದು ಕೋಣೆ. "ಇಲ್ಲಿ ಬಂದ್ರೆ ಮಂಗಳವಾರಕ್ಕೆ ಹನ್ನೊಂದು ಜನ ಕೈ ಹಿಡೀತಾರೆ" ಎಂದಳು. ನಾನು ಹೂಂ ಎಂದೆ. ನನ್ನದೂ ಅದೇ ಕಥೆ ಎಂದು ಹೇಳಬಹುದಿತ್ತು.

ಒಂದೂವರೆ ವರ್ಷವಾಗುವ ಹೊತ್ತಿಗೆ ಹಾಲ್ ನಡೆಸುತ್ತಿದ್ದ ಅಜ್ಜ ನಮ್ಮಿಬ್ಬರನ್ನೂ ಮೇಷ್ಟ್ರುಗಳಾಗಿ ನಿಲ್ಲಿಸಿದರು. ನಿಲ್ಲಿಸುವ ಮುಂಚೆ ಕುರ್ಚಿ ಎಳೆದು ಕೂರಿಸಿ ಒಂದು ಮಾತು ತೆಗೆದುಕೊಂಡರು.

"ಹಿಂದೆ ಇಲ್ಲಿ ಒಂದು ಜೋಡಿ ಇತ್ತು. ಒಳ್ಳೇ ಮೇಷ್ಟ್ರುಗಳು. ಪ್ರೀತಿ ಮಾಡಿದ್ರು. ಬಿಟ್ಟೂ ಬಿಟ್ರು. ಅವರು ಬಿಟ್ರೆ ನನಗೇನು, ಇಡೀ ಹಾಲ್ ಎರಡಾಯ್ತು! ಮಂಗಳವಾರದವರು ಗುರುವಾರದವರನ್ನ ರಸ್ತೆಯಲ್ಲಿ ಕಂಡ್ರೆ ಮುಖ ತಿರುಗಿಸ್ತಿದ್ರು. ನಾನಿನ್ನು ಅದನ್ನೆಲ್ಲ ಹೊಲಿಯೋಕಾಗಲ್ಲ. ಕೈ ಹಿಡ್ಕೊಳ್ಳಿ, ಮನಸ್ಸು ಹಿಡ್ಕೋಬೇಡಿ. ಆಯ್ತಾ?"

"ಅಯ್ಯೋ, ಈ ಕಿವಿ ಡಾಕ್ಟ್ರನ್ನಾ!" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಅಲ್ಲಿಂದ ಎರಡೂವರೆ ವರ್ಷ ನಾವು ಮಂಗಳವಾರದ ಜೋಡಿ.

ಪಾಠದ ಮಧ್ಯೆ ಮೇಷ್ಟ್ರುಗಳು ಒಬ್ಬರನ್ನೊಬ್ಬರು ಮಾತಿನಲ್ಲಿ ತಿದ್ದಬಾರದು. ಕಲಿಯುವವರ ಧೈರ್ಯ ಹೋಗುತ್ತದೆ. ಹೇಳುವುದಿದ್ದರೆ ಕೈಯಲ್ಲೇ ಹೇಳಬೇಕು. ಹೀಗಾಗಿ ನಮ್ಮ ಕೈಗಳಿಗೆ ಒಂದು ಭಾಷೆ ಬಂತು. ಹೆಬ್ಬೆರಳಿನಿಂದ ಎರಡು ಸಲ ತಟ್ಟಿದರೆ ನಿಧಾನ, ಹಿಂದಿನ ಸಾಲು ಸೋತಿದೆ ಎಂದು. ಕಿರುಬೆರಳು ಒತ್ತಿದರೆ, ಆ ಬ್ಯಾಂಕಿನವನನ್ನು ನೋಡು, ತನ್ನ ಕಾಲನ್ನೇ ತಾನು ತುಳಿದುಕೊಳ್ಳುತ್ತಿದ್ದಾನೆ ಎಂದು. ನಾನು ನಗಬಾರದು. ನಗಿಸುವುದೇ ಅವಳ ಹಟ. ಇಪ್ಪತ್ತು ಜನರ ಮುಂದೆ ಕಲ್ಲಿನಂಥ ಮುಖ ಇಟ್ಟುಕೊಂಡು ನಾನು ತಿರುಗುತ್ತಿದ್ದರೆ, ಅವಳು ನನ್ನ ತೋಳಿನಡಿ ಹಾಯುವಾಗ ಕಣ್ಣಿನಲ್ಲೇ "ಸೋತ್ಯಾ?" ಎಂದು ಕೇಳಿ ಹೋಗುತ್ತಿದ್ದಳು.

ಭಾನುವಾರಗಳಲ್ಲಿ ಅವಳ ಮನೆಯ ಅಡುಗೆಕೋಣೆಯಲ್ಲಿ ಅಭ್ಯಾಸ. ಮೇಜು ಗೋಡೆಗೆ ತಳ್ಳಿದರೆ ನಾಲ್ಕು ಹೆಜ್ಜೆ ಜಾಗ. ಅವಳ ಅಮ್ಮ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು.

"ಇವನು ಮಾತಾಡ್ತಾನೇನೆ, ಇಲ್ಲ ಬರೀ ಕುಣೀತಾನಾ?"

"ಮಾತಾಡ್ತಾನಮ್ಮ. ಹೋದ ತಿಂಗಳು ಒಂದು ಆಡಿದ್ದ."

"ಬಾಯಿದ್ದೋನು ಬರಗಾಲದಲ್ಲೂ ಬದುಕಿದ ಅಂತಾರೆ. ಇವನ ಗತಿ ಏನೋ."

ಕುಕ್ಕರ್ ಕೂಗಿದರೆ ಅವಳು ತಿರುಗುತ್ತಲೇ ಹೋಗಿ ಒಲೆ ಆರಿಸಿ, ತಿರುಗುತ್ತಲೇ ನನ್ನ ಕೈಗೆ ಬಂದು ಸೇರುತ್ತಿದ್ದಳು. ಕೈ ಎಲ್ಲಿದೆ ಎಂದು ಒಂದು ದಿನವೂ ನೋಡುತ್ತಿರಲಿಲ್ಲ. ಅದು ಅಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು. ಅಷ್ಟು ಸಾಕು ಎಂದು ನಾನು ಅಂದುಕೊಂಡಿದ್ದೆ. ಅಜ್ಜನಿಗೆ ಕೊಟ್ಟ ಮಾತು ನನ್ನಂಥವನಿಗೆ ಒಳ್ಳೆಯ ನೆಪವೂ ಆಗಿತ್ತು.

ಅವಳಿಗೆ ಆ ಇ-ಮೇಲ್ ಬಂದದ್ದು ಒಂದು ಮಂಗಳವಾರ. ಕಡಲಾಚೆಯ ಒಂದು ನಗರದ ದೊಡ್ಡ ನೃತ್ಯಶಾಲೆ. ಅಲ್ಲಿನ ಮೇಷ್ಟ್ರ ಜೊತೆಗಾತಿಗೆ ಮಂಡಿನೋವು, ಕಲಿಸುವುದನ್ನು ನಿಲ್ಲಿಸಿದ್ದಾರೆ. ಯಾವುದೋ ಶಿಬಿರದಲ್ಲಿ ಇವಳನ್ನು ಕಂಡಿದ್ದವರು ಹೆಸರು ಸೂಚಿಸಿದ್ದರು. ಎರಡು ವರ್ಷ, ಹಿಡಿಸಿದರೆ ಮುಂದಕ್ಕೂ. ಬಸ್ ಬಿಟ್ಟು ಪೂರ್ತಿ ಕುಣಿತವೇ ಕೆಲಸ.

ನಾವು ಕುರ್ಚಿಗಳನ್ನು ಗೋಡೆಗೆ ಜೋಡಿಸುತ್ತಿದ್ದೆವು. ಅವಳು ಫೋನ್ ನನ್ನ ಕೈಗಿತ್ತು ಓದಿಸಿದಳು.

"ಏನಂತೀಯ?"

"ನೀನೇನಂತೀಯ?"

"ನಾನು ಕೇಳ್ತಿರೋದು ನಿನ್ನ."

ನಾನು ಮತ್ತೊಮ್ಮೆ ಓದುವಂತೆ ನಟಿಸಿದೆ. ಮೆಟ್ಟಿಲ ಮೇಲೆ ಕಲಿಯುವವರ ಹೆಜ್ಜೆ ಸದ್ದು ಕೇಳಿಸಿತು. ಅವಳು ಫೋನ್ ವಾಪಸು ತೆಗೆದುಕೊಂಡಳು.

"ಸರಿ, ಬಾಯಲ್ಲಿ ಬರಲ್ಲ ಅಂದ್ರೆ ಬೇಡ. ಕೊನೇ ಹಾಡಲ್ಲಿ ಹೇಳು. ನಂಗೆ ಅರ್ಥ ಆಗುತ್ತೆ. ಇಷ್ಟು ದಿನ ಆಗಿಲ್ವಾ?"

ಪ್ರತಿ ತರಗತಿಯ ಕೊನೆಗೆ ಮೇಷ್ಟ್ರುಗಳಿಬ್ಬರೂ ಒಂದು ಪೂರ್ತಿ ಹಾಡಿಗೆ ಕುಣಿದು ತೋರಿಸುವುದು ವಾಡಿಕೆ. ಅವತ್ತಿನ ಹಾಡು ನಡುವೇಗದ್ದು. ನನ್ನ ಕೈಯೊಳಗೆ ಅವಳ ಕೈ ಎಂದಿಗಿಂತ ಹಗುರಾಗಿತ್ತು. ಕೇಳಿಸಿಕೊಳ್ಳುತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ಜನ ಉಸಿರು ಬಿಗಿಹಿಡಿದು ಅತಿ ಸಣ್ಣ ಸದ್ದಿಗೆ ಕಾಯುತ್ತಾರಲ್ಲ, ಹಾಗೆ.

ಹಾಡಿನ ಕೊನೆಯಲ್ಲಿ ವಾದ್ಯಗಳೆಲ್ಲ ಎಂಟು ಎಣಿಕೆ ಸುಮ್ಮನಾಗುವ ಒಂದು ಜಾಗವಿತ್ತು. ಅಂಥಲ್ಲಿ ನಾನು ಯಾವಾಗಲೂ ಅವಳನ್ನು ಹತ್ತಿರಕ್ಕೆ ಕರೆದುಕೊಳ್ಳುತ್ತಿದ್ದೆ. ಅವತ್ತು ಅವಳು ತೋಳಿನುದ್ದದ ದೂರದಲ್ಲಿದ್ದಳು. ನಾನು ಯೋಚಿಸಿದೆ. ಯೋಚಿಸಿದ್ದೇ ತಪ್ಪು. ನನ್ನ ಬೆರಳು ಅಲುಗಿದರೆ ಬರುವವಳು ಇವಳು. ಇಂಥವಳನ್ನು ಈಗ ಎಳೆದರೆ, ಬಂದದ್ದು ಅವಳೋ ಅವಳ ಅಭ್ಯಾಸವೋ ನನಗೆ ಎಂದಾದರೂ ಗೊತ್ತಾಗುತ್ತದೆಯೇ?

ನಾನು ಅಂಗೈ ಬಿಚ್ಚಿದೆ.

ನಾವೇ ಕಲಿಸುತ್ತಿದ್ದ ಪಾಠ ಅದು. ಲೀಡ್ ಕೈ ಬಿಚ್ಚಿದರೆ, ಈ ಎಂಟು ಎಣಿಕೆ ನಿನ್ನದು, ಬೇಕಾದ್ದು ಮಾಡು, ನಾನು ಇಲ್ಲೇ ಇದ್ದೇನೆ ಎಂದು ಅರ್ಥ. ಜಾಗ ಕೊಡುವುದು ಎನ್ನುತ್ತಿದ್ದೆವು.

ಅವಳು ಅರೆಕ್ಷಣ ನಿಂತಳು. ಆಮೇಲೆ ಒಬ್ಬಳೇ ಕುಣಿದಳು. ಹಿಮ್ಮಡಿ ಜಾರಿಸಿ, ಭುಜ ಕುಣಿಸಿ, ನೆಲ ನೋಡುತ್ತ, ನಾನು ಎಂದೂ ಕಾಣದಷ್ಟು ಚೆನ್ನಾಗಿ. ಎಂಟನೆಯ ಎಣಿಕೆಗೆ ಅವಳು ನನ್ನಿಂದ ಎರಡು ತೋಳಿನಾಚೆ ನಿಂತಿದ್ದಳು. ತರಗತಿ ಚಪ್ಪಾಳೆ ತಟ್ಟಿತು.

ಟವೆಲ್‌ನಿಂದ ಮುಖ ಒರೆಸಿಕೊಳ್ಳುತ್ತ ಅವಳು ಹೇಳಿದಳು: "ಸರಿ. ಅರ್ಥ ಆಯ್ತು."

ನೀನೇ ನಿರ್ಧರಿಸು ಎಂದದ್ದು ಅವಳಿಗೆ ಅರ್ಥವಾಯಿತು ಎಂದು ನಾನು ನಂಬಿದೆ. ಮರುದಿನ ಅವಳು ಒಪ್ಪಿಗೆ ಬರೆದು ಕಳಿಸಿದಾಗ, ನಿರ್ಧಾರ ಮಾಡಿದ್ದಾಳೆ ಎಂದುಕೊಂಡೆ. ಹೊರಡಲು ಮೂರೂವರೆ ವಾರವಿತ್ತು. ಆ ದಿನಗಳಲ್ಲಿ ಅವಳು ನನ್ನ ಜೊತೆ ಬಹಳ ಮರ್ಯಾದೆಯಿಂದ ನಡೆದುಕೊಂಡಳು. ಕಿರುಬೆರಳು ಒಮ್ಮೆಯೂ ಒತ್ತಲಿಲ್ಲ. ಹೊರಡುವವರು ಹೀಗೇ ಇರುತ್ತಾರೇನೋ ಎಂದು ನನಗೆ ನಾನೇ ಹೇಳಿಕೊಂಡೆ.

ಅವಳು ಹೊರಡಲು ಮೂರು ದಿನವಿರುವಾಗ, ಶುಕ್ರವಾರ, ಅವಳ ಅಮ್ಮ ನನ್ನ ಪರೀಕ್ಷಾ ಕೋಣೆಗೆ ಬಂದರು. ಮಗಳು ಹೋದ ಮೇಲೆ ತಂಗಿಯ ಮನೆಯಲ್ಲಿ ಇರುವವರಿದ್ದರು. ಅದಕ್ಕೂ ಮುಂಚೆ ಕಿವಿ ತೋರಿಸಿಕೊಳ್ಳಬೇಕಿತ್ತು. ಗಾಜಿನ ಆಚೆ ಕೂರಿಸಿ ಹೆಡ್‌ಫೋನ್ ಹಾಕಿದೆ. ಒಳಗಿನ ಮೈಕಿನಿಂದ ಅವರ ಉಸಿರೂ ನನ್ನ ಕಿವಿಗೆ ಬೀಳುತ್ತಿತ್ತು. ಎರಡು ಸದ್ದಿಗೆ ಗುಂಡಿ ಒತ್ತಿದರು. ಮೂರನೆಯದಕ್ಕೆ ಒತ್ತದೆ, ಗಾಜಿನ ಮೂಲಕ ನನ್ನನ್ನೇ ನೋಡಿದರು.

"ಮೌನ ಸಮ್ಮತಿ ಅಂತಾರಪ್ಪ. ನಿನ್ನ ಮೌನ ಯಾತಕ್ಕೆ ಸಮ್ಮತಿ ಅಂತ ನಂಗಂತೂ ಗೊತ್ತಾಗ್ಲಿಲ್ಲ."

ನಾನು ಗುಂಡಿ ತೋರಿಸಿ, ಒತ್ತಿ ಎಂದು ಸನ್ನೆ ಮಾಡಿದೆ.

"ಒತ್ತೋಣ ಇರು. ಆ ಮಂಗಳವಾರ ಮನೆಗೆ ಬಂದೋಳು ಚಪ್ಪಲೀನೂ ಬಿಡದೆ ಅಡುಗೆಮನೇಲಿ ನಿಂತ್ಲು. 'ಅವನು ಕೈ ಬಿಟ್ಟ ಅಮ್ಮ' ಅಂದ್ಲು. 'ಇರು ಅನ್ನು ಅಂತ ಕೇಳ್ದೆ, ಹೋಗು ಅಂದ' ಅಂತ. ಮೂರು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಅಷ್ಟು ಬೇಡವಾದ್ಲೇನಪ್ಪ ನಮ್ಮ ಹುಡುಗಿ?"

ನನ್ನ ಮುಖ ಹಾಗೇ ಇತ್ತು. ಗಾಜಿನಲ್ಲಿ ನನಗೇ ಕಾಣುತ್ತಿತ್ತು. ಅದರ ಹಿಂದಿನಿಂದ ಅವರು ಆ ಮುಖವನ್ನು ಒಂದು ಗಳಿಗೆ ನೋಡಿ, ತಲೆಯಾಡಿಸಿ, ಗುಂಡಿಯ ಮೇಲೆ ಬೆರಳಿಟ್ಟರು. "ಹಾಕಪ್ಪ ಸದ್ದು" ಎಂದರು.

ಶನಿವಾರ ಅವಳ ಕೆಲಸದ ಕೊನೆಯ ದಿನ. ನಾನು ಅವಳ ಬಸ್ ಹತ್ತಿ ಮುಂಭಾಗದ ಸೀಟಿನಲ್ಲಿ ಕೂತೆ. ಚಾಲಕರೊಂದಿಗೆ ಮಾತನಾಡಬೇಡಿ ಎಂಬ ಫಲಕ ತಲೆಯ ಮೇಲೇ ಇತ್ತು. ಕನ್ನಡಿಯಲ್ಲಿ ಅವಳು ಎರಡು ಸಲ ನನ್ನನ್ನು ನೋಡಿದಳು. ಕೊನೆಯ ನಿಲ್ದಾಣದವರೆಗೆ ಹೋಗಿ, ಅದೇ ಬಸ್ಸಿನಲ್ಲಿ ಹಿಂದಿರುಗಿ, ಮತ್ತೊಮ್ಮೆ ಹೋದೆ. ಅಲ್ಲಿ ಅವಳಿಗೆ ನಾಲ್ಕು ನಿಮಿಷ ಬಿಡುವು. ನೀರು ಕುಡಿದಳು, ಬಾಟಲಿ ಮುಚ್ಚಿದಳು, ಕಾದಳು.

"ಏನಾದ್ರೂ ಹೇಳೋಕೆ ಬಂದ್ಯಾ?"

ಬಾಗಿಲಲ್ಲಿ ಜನ ಹತ್ತಲು ಶುರು ಮಾಡಿದ್ದರು. ಒಬ್ಬಾಕೆ ಮಗುವಿನ ಗಾಡಿ ಮಡಚಲು ಒದ್ದಾಡುತ್ತಿದ್ದಳು. ನಾನು ಎದ್ದು ಹೋಗಿ ಗಾಡಿ ಮಡಚಿಕೊಟ್ಟೆ. ತಿರುಗಿ ನೋಡುವಾಗ ಅವಳು ಇಂಜಿನ್ ಚಾಲೂ ಮಾಡಿಯಾಗಿತ್ತು.

ಭಾನುವಾರ ಮಧ್ಯಾಹ್ನ ಹಾಲ್‌ನಲ್ಲಿ ಬೀಳ್ಕೊಡುಗೆ. ಈ ಕುಣಿತದವರಲ್ಲಿ ಒಂದು ಪದ್ಧತಿಯಿದೆ: ಯಾರಾದರೂ ಊರು ಬಿಡುವಾಗ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟುತ್ತಾರೆ, ಹೋಗುವವರು ನಡುವೆ ಕುಣಿಯುತ್ತಾರೆ, ಒಬ್ಬೊಬ್ಬರೇ ವೃತ್ತದೊಳಗೆ ನುಗ್ಗಿ ಹಿಂದಿನವರಿಂದ ಅವರ ಕೈ ಕಸಿದುಕೊಂಡು ನಾಲ್ಕು ಸುತ್ತು ಕುಣಿದು ಹೊರಬರುತ್ತಾರೆ. ದರ್ಜಿ ನುಗ್ಗಿದ. ಬ್ಯಾಂಕಿನವನು ನುಗ್ಗಿ ತನ್ನ ಕಾಲು ತಾನೇ ತುಳಿದುಕೊಂಡು ಎಲ್ಲರನ್ನೂ ನಗಿಸಿದ. ಅಜ್ಜ ಕೋಲು ಊರಿಕೊಂಡೇ ಎರಡು ಹೆಜ್ಜೆ ಹಾಕಿದರು. ಹಾಡು ಮುಗಿಯಲು ಬಂದಿತ್ತು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು.

ನಾನು ಹೋಗಿ ಅಜ್ಜನ ಕೈಯಿಂದ ಅವಳ ಕೈ ತೆಗೆದುಕೊಂಡೆ. ಮೊದಲ ಸುತ್ತು ಮುಗಿಯಿತು. ಎರಡನೆಯದರಲ್ಲಿ, ಅವಳ ಕಿವಿ ನನ್ನ ಬಾಯಿಯ ಹತ್ತಿರ ಬಂದಾಗ, ಹೇಳಿದೆ.

"ಹೋಗಬೇಡ."

ಅವಳ ಹೆಜ್ಜೆ ತಪ್ಪಿತು. ನಾಲ್ಕು ವರ್ಷದಲ್ಲಿ ಮೊದಲ ಸಲ. ಯಾರಿಗೂ ಕಾಣದ ಹಾಗೆ ಸರಿಪಡಿಸಿಕೊಂಡು, "ಹಾಡು ಮುಗೀಲಿ" ಎಂದಳು.

ಒಳಗೆ ಕೇಕ್ ಕತ್ತರಿಸುವ ಗದ್ದಲ. ನಾವು ಮೆಟ್ಟಿಲ ಮೇಲೆ ಕೂತೆವು, ಅವಳು ನನಗಿಂತ ಒಂದು ಮೆಟ್ಟಿಲು ಕೆಳಗೆ. ಕೈಗಳು ಅವರವರ ಮಡಿಲಲ್ಲಿದ್ದವು.

"ಅವತ್ತು ಕೈ ಬಿಟ್ಟಿದ್ದು ಮತ್ತೇನು?"

"ಜಾಗ ಕೊಟ್ಟೆ ಅಂದ್ಕೊಂಡೆ."

"ಜಾಗ!" ಅವಳು ನಗಲು ಹೋದಳು, ಆಗಲಿಲ್ಲ. "ಜಾಗ ನನ್ ಹತ್ರ ಬೇಕಾದಷ್ಟಿತ್ತು ಕಣೋ. ಒಂದು ಇಡೀ ಮನೆ ತುಂಬ ಇತ್ತು. ನಾನು ಕೇಳಿದ್ದು ಅದನ್ನಲ್ಲ."

"ಎಳೆದಿದ್ರೆ ನೀನು ಬಂದ್ಬಿಡ್ತಿದ್ದೆ. ಅಭ್ಯಾಸಕ್ಕೆ. ಅದೇ ಭಯ ಆಯ್ತು."

ಅವಳು ಪೂರ್ತಿ ತಿರುಗಿ ನನ್ನನ್ನು ನೋಡಿದಳು. "ಫಾಲೋ ಅಂದ್ರೆ ಎಳೆದ ಕಡೆ ಹೋಗೋಳು ಅಂತ ನಿಂಗೂ ಅನ್ಸಿತ್ತಾ? ಇಷ್ಟು ವರ್ಷ ಪಕ್ಕದಲ್ಲಿ ನಿಂತು ಪಾಠ ಹೇಳಿ? ನೀನು ಕರೀಬೇಕಿತ್ತು. ಬರೋದೋ ಬಿಡೋದೋ ನಾನು ನೋಡ್ಕೋತಿದ್ದೆ."

ನಾನು ಅವಳ ಕಡೆ ಬಾಗಿದೆ.

"ಈಗ ಕರೀತಿದೀನಿ" ಎಂದೆ. "ನಂಗೆ ನೀನು ಬೇಕು. ಆ ಕೆಂಪಾದ ಬೆರಳು ನೋಡಿದ ದಿನದಿಂದ ಬೇಕು."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

"ಇನ್ನೊಂದ್ಸಲ ಹೇಳು."

ಹೇಳಿದೆ.

ಅವಳು ಕೆಳಗಿನ ಬಾಗಿಲಿನ ಬೆಳಕಿನ ಕಡೆ ತಿರುಗಿದಳು. "ಮೊದಲ ವಾರ ಅತ್ತೆ" ಎಂದಳು. "ಎರಡನೇ ವಾರ ನಿನ್ ಮೇಲೆ ಸಿಟ್ಟು. ಎದುರು ಸಿಕ್ಕ ಆಟೋದವರಿಗೆಲ್ಲ ಬೈದೆ. ಹೋದ ವಾರ ಒಂದು ಬೆಳಗ್ಗೆ ಡಿಪೋದಲ್ಲಿ ಗಾಡಿ ತೆಗೀತಿದ್ದೆ. ಅಲ್ಲಿ ಮೊದಲ್ನೇ ತರಗತೀಲಿ ಏನ್ ಹೇಳಿಕೊಡ್ಲಿ, ಹೇಗೆ ಶುರು ಮಾಡ್ಲಿ ಅಂತ ಯೋಚನೆ ನಡೀತಿತ್ತು. ಮೂರು ಸ್ಟಾಪ್ ಆದ್ಮೇಲೆ ಹೊಳೀತು, ನೀನು ಒಂದ್ಸಲಾನೂ ನೆನಪಾಗಿಲ್ಲ ಅಂತ. ನಂಗೇ ಒಂಥರಾ ಆಯ್ತು." ಅವಳು ಉಸಿರೆಳೆದುಕೊಂಡಳು. "ನಂಗೆ ಹೋಗ್ಬೇಕು ಅನ್ಸ್ತಿದೆ. ನಿನ್ ಮೇಲಿನ ಸಿಟ್ಟಿಗಲ್ಲ. ಸಿಟ್ಟಾಗಿದ್ರೆ ಈಗ ಇಳ್ದೋಗಿರೋದು."

"ಮೂರು ವಾರ ಮುಂಚೆ ಹೇಳಿದ್ರೆ?"

"ಇರ್ತಿದ್ದೆ." ಅವಳು ತಡವರಿಸಲಿಲ್ಲ. "ಖುಷಿಯಾಗೇ ಇರ್ತಿದ್ದೆ. ಅದು ಸುಳ್ಳಲ್ಲ. ಇದೂ ಸುಳ್ಳಲ್ಲ."

ನಾನು ಅತ್ತೆ. ಸದ್ದಿಲ್ಲದೆ ಅಲ್ಲ, ಮೆಟ್ಟಿಲಲ್ಲಿ ಪ್ರತಿಧ್ವನಿಸುವ ಹಾಗೆ, ಮೂಗು ಸುರಿಯುವ ಹಾಗೆ ಅತ್ತೆ. ಅವಳು ಒಂದು ಮೆಟ್ಟಿಲು ಮೇಲೆ ಬಂದು ನನ್ನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡಳು. "ಅಯ್ಯೋ ಡಾಕ್ಟ್ರೇ" ಎಂದಳು. "ಈ ಮುಖ ಇಷ್ಟು ದಿನ ಎಲ್ಲಿಟ್ಟಿದ್ಯೋ."

ಮರುದಿನ ಬೆಳಗ್ಗೆ ಅವಳು ಹೊರಟಳು.

ಮಂಗಳವಾರ ನಾನು ಹಾಲ್‌ಗೆ ಹೋದೆ. ಹೋಗದಿರಬಹುದಿತ್ತು. ಇಪ್ಪತ್ತೆರಡು ಜನ ಬಂದಿದ್ದರು, ಅವರಲ್ಲಿ ನಾಲ್ವರು ಹೊಸಬರು. ನಾನು ಒಬ್ಬನೇ ಮುಂದೆ ನಿಂತಿದ್ದನ್ನು ನೋಡಿ ಹೊಸಬರಲ್ಲಿ ಒಬ್ಬಾಕೆ ಕೇಳಿದಳು: "ಸರ್, ಇಬ್ಬರು ಕಲಿಸ್ತಾರೆ ಅಂದಿದ್ರು. ಮೇಡಂ ಬರಲ್ವಾ?"

ಹಳಬರು ನೆಲ ನೋಡಿದರು.

"ಅವರು ಬೇರೆ ಊರಿಗೆ ಕಲಿಸೋಕೆ ಹೋದ್ರು" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ನನಗೆ ಅವರ ಮೇಲೆ ಪ್ರೀತಿ ಇತ್ತು. ಹೋಗಬೇಡ ಅಂತ ಹೇಳೋದು ತಡ ಮಾಡಿದೆ."

ಮೂಲೆಯ ಕುರ್ಚಿಯಲ್ಲಿದ್ದ ಅಜ್ಜ ಪಕ್ಕದ ದರ್ಜಿಯನ್ನು ತಿವಿದು, "ಏನಂದ?" ಎಂದರು. ದರ್ಜಿ ಸಂಕೋಚದಿಂದ ಅವರ ಕಿವಿಗೆ ಬಾಯಿಟ್ಟು, ಇಡೀ ಹಾಲ್‌ಗೆ ಕೇಳುವ ಹಾಗೆ ಅಷ್ಟನ್ನೂ ಇನ್ನೊಮ್ಮೆ ಹೇಳಿದ. ಅಜ್ಜ ನನ್ನನ್ನು ನೋಡಿದರು.

"ಮಾತು ಮುರಿದ್ರಾ ಇಬ್ಬರೂ?"

"ಹೌದು ಅಜ್ಜ."

"ಎಷ್ಟು ದಿನದಿಂದ?"

"ಮೊದಲಿನಿಂದ್ಲೂ."

ಅವರು ಕೋಲನ್ನು ಎರಡು ಮಂಡಿಗಳ ನಡುವೆ ನೆಟ್ಟು ಅದರ ಮೇಲೆ ಗಲ್ಲವೂರಿದರು. "ಕತ್ತೆ" ಎಂದರು, ನನಗೋ ತಮಗೋ ತಿಳಿಯಲಿಲ್ಲ. ಆಮೇಲೆ ಹಾಡು ಹಾಕುವಂತೆ ದರ್ಜಿಗೆ ಕೈ ತೋರಿಸಿದರು.

ಹಾಡು ಶುರುವಾಯಿತು. ಐದರಿಂದ ಎಂಟರವರೆಗೆ ಎಣಿಸಿ ತರಗತಿಯನ್ನು ಹೊರಡಿಸಬೇಕಾದವನು ನಾನು. ಬಾಯಿ ತೆರೆದೆ. ಎಣಿಕೆ ಹೊರಡಲಿಲ್ಲ. ಹಾಡಿನ ಒಂದು ಸಾಲು ಹಾದುಹೋಯಿತು, ಇನ್ನೊಂದು. ಇಪ್ಪತ್ತೆರಡು ಜನ ಒಂದು ಕಾಲ ಮೇಲೆ ಭಾರ ಹಾಕಿ ಕಾಯುತ್ತಿದ್ದರು.

"ಐದು" ಎಂದ ಬ್ಯಾಂಕಿನವನು, ಹಿಂದಿನ ಸಾಲಿನಿಂದ, ಮೆಲ್ಲಗೆ.

"ಆರು" ಎಂದು ಇಬ್ಬರು ಮೂವರು ಸೇರಿದರು. "ಏಳು." ಎಂಟಕ್ಕೆ ಇಡೀ ಹಾಲ್ ಎಣಿಸುತ್ತಿತ್ತು, ಬಂದು ಹತ್ತು ನಿಮಿಷವೂ ಆಗದ ಆ ಹೊಸಬರೂ ಸೇರಿ. ನಾನು ಹೆಜ್ಜೆ ಇಟ್ಟೆ.